ಪಿಸ್ಟನ್ನಿನ ಅಗಲದಿಂದ ಹೊಗೆಯ ತೂಕಕ್ಕೆ: ಬ್ರಿಟನ್ನಿನ ಮೋಟಾರು ತೆರಿಗೆಯ ಚರಿತ್ರೆ

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಕೆಲವು ಮನೆಗಳ ಗೋಡೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ. 1696ರಲ್ಲಿ ಅಲ್ಲಿನ ಸರ್ಕಾರ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ವಸೂಲು ಮಾಡತೊಡಗಿತು. ಸಿರಿವಂತನ ಮನೆ ದೊಡ್ಡದು, ದೊಡ್ಡ ಮನೆಗೆ ಕಿಟಕಿ ಹೆಚ್ಚು, ಆದುದರಿಂದ ಕಿಟಕಿ ಎಣಿಸಿದರೆ ಸಿರಿವಂತಿಕೆಯನ್ನು ಅಳೆದಂತಾಯಿತು ಎಂಬುದು ಲೆಕ್ಕಾಚಾರ. ಜನರು ಮಾಡಿದ್ದೇನು? ಕಿಟಕಿಗಳನ್ನೇ ಮುಚ್ಚಿಸಿಬಿಟ್ಟರು. 1851ರಲ್ಲಿ ಈ ತೆರಿಗೆ ರದ್ದಾಗುವವರೆಗೆ ಒಂದೂವರೆ ಶತಮಾನ ಕಾಲ ಎಷ್ಟೋ ಜನ ಗಾಳಿಬೆಳಕಿಲ್ಲದ ಕೋಣೆಗಳಲ್ಲಿ ಬಾಳಿದರು. ಸರ್ಕಾರ ಯಾವ ಅಳತೆಗೋಲನ್ನು ಕೈಗೆತ್ತಿಕೊಳ್ಳುತ್ತದೆಯೋ ಆ ಅಳತೆಗೋಲಿಗೆ ತಕ್ಕಂತೆ ವಸ್ತುವಿನ ಆಕಾರವೇ ಬದಲಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅದೇ ದೇಶದಲ್ಲಿ ಮೋಟಾರು ಕಾರಿನ ಮೇಲೆ ಹಾಕಿದ ತೆರಿಗೆಯ ಕಥೆಯೂ ಹೀಗೆಯೇ ಇದೆ. ಇಂದು ಬ್ರಿಟನ್ನಿನಲ್ಲಿ ಕಾರು ಇಟ್ಟುಕೊಂಡವನು ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ‘ನನ್ನ ಕಾರು ತೆರಿಗೆಯ ಯಾವ ಶ್ರೇಣಿಗೆ ಸೇರಿದೆ? ಸೇರಬೇಕಾದ ಶ್ರೇಣಿಯಲ್ಲೇ ಇದೆಯೇ?’ ಅಲ್ಲಿ ಈ ಶ್ರೇಣಿಗೆ ‘ಬ್ಯಾಂಡ್’ ಎನ್ನುತ್ತಾರೆ. ಪ್ರಶ್ನೆ ಸಣ್ಣದು. ಆದರೆ ಉತ್ತರ ಹುಡುಕಹೊರಟರೆ ಕಾರು ಹುಟ್ಟಿದ ದಿನ, ಅದರ ಎಂಜಿನ್ನಿನ ಗಾತ್ರ, ಅದು ಉಗುಳುವ ಹೊಗೆ, ಅದರ ಬೆಲೆ ಎಲ್ಲವನ್ನೂ ಕೆದಕಬೇಕಾಗುತ್ತದೆ. ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ನೂರು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ಸಾರೋಟಿನಿಂದ ಮೋಟಾರಿಗೆ

ಬ್ರಿಟನ್ನಿನಲ್ಲಿ ವಾಹನ ತೆರಿಗೆ ಮೋಟಾರಿಗಿಂತ ಹಳೆಯದು. ಹದಿನೆಂಟನೆಯ ಶತಮಾನದಲ್ಲಿಯೇ ಕುದುರೆ ಸಾರೋಟುಗಳ ಮೇಲೆ ತೆರಿಗೆಯಿತ್ತು. ಸಾರೋಟು ಇಟ್ಟವನು ಶ್ರೀಮಂತನಾಗಿರಲೇಬೇಕಲ್ಲ! 1888ರ ಕಾಯಿದೆಯೊಂದು ಯಂತ್ರಬಲದಿಂದ ಓಡುವ ಗಾಡಿಯೂ ಸಾರೋಟೇ ಎಂದು ವ್ಯಾಖ್ಯಾನಿಸಿತು. ಹೀಗೆ ಬ್ರಿಟನ್ನಿನ ರಸ್ತೆಯ ಮೇಲೆ ಮೋಟಾರು ಕಾರು ಕಾಣಿಸಿಕೊಳ್ಳುವ ಮೊದಲೇ ಅದಕ್ಕೆ ತೆರಿಗೆ ಸಿದ್ಧವಾಗಿ ಕುಳಿತಿತ್ತು. 1896ರಲ್ಲಿ ಹಗುರ ಮೋಟಾರು ವಾಹನಗಳಿಗೆ ಗಂಟೆಗೆ 14 ಮೈಲಿಯ ವೇಗಕ್ಕೆ ಅನುಮತಿ ಸಿಕ್ಕಿತು. 1903ರ ಮೋಟಾರು ಕಾರು ಕಾಯಿದೆಯ ಪ್ರಕಾರ 1904ರ ಜನವರಿ 1ರಿಂದ ಪ್ರತಿಯೊಂದು ಕಾರೂ ನೋಂದಣಿ ಸಂಖ್ಯೆಯ ಫಲಕವನ್ನು ಹೊರಬೇಕಾಯಿತು. ಇಂದು ಪ್ರಪಂಚದ ತುಂಬ ಓಡಾಡುವ ನಂಬರ್ ಪ್ಲೇಟಿನ ಹಿರಿಯರಲ್ಲಿ ಇದೂ ಒಂದು.

ಮೋಟಾರು ಓಡಾಡಿದಂತೆಲ್ಲ ರಸ್ತೆಗಳು ಹಾಳಾಗತೊಡಗಿದವು. ಕುದುರೆಗಾಡಿಗಾಗಿ ಮಾಡಿದ ಜಲ್ಲಿ ರಸ್ತೆಯಲ್ಲಿ ರಬ್ಬರ್ ಚಕ್ರಗಳು ಧೂಳಿನ ಮೋಡವನ್ನೇ ಎಬ್ಬಿಸುತ್ತಿದ್ದವು. ಕಾರಿನವನು ಮುಂದೆ ಹೋಗುತ್ತಿದ್ದ, ಧೂಳು ಕುಡಿಯುವ ಭಾಗ್ಯ ಹಳ್ಳಿಗನದಾಗಿತ್ತು. ಇಂಥ ಸಮಯದಲ್ಲಿ, 1909ರಲ್ಲಿ, ಅರ್ಥಸಚಿವ ಡೇವಿಡ್ ಲಾಯ್ಡ್ ಜಾರ್ಜ್ ತಮ್ಮ ಪ್ರಸಿದ್ಧ ಬಜೆಟ್ಟನ್ನು ಮಂಡಿಸಿದರು. ಪೆಟ್ರೋಲಿಗೆ ಗ್ಯಾಲನ್ನಿಗೆ 3 ಪೆನ್ಸ್ ಸುಂಕ. ಕಾರಿಗೆ ಅದರ ಅಶ್ವಶಕ್ತಿಗೆ ತಕ್ಕಂತೆ ತೆರಿಗೆ. ಬಂದ ಹಣವೆಲ್ಲ ರಸ್ತೆಗಳ ಸುಧಾರಣೆಗೆ ಮೀಸಲು. ಆರೂವರೆ ಅಶ್ವಶಕ್ತಿಗೆ ಒಳಪಟ್ಟ ಕಾರಿಗೆ ವರ್ಷಕ್ಕೆ 2 ಪೌಂಡು 2 ಷಿಲಿಂಗ್, ಹನ್ನೆರಡರವರೆಗೆ 3 ಪೌಂಡು 3 ಷಿಲಿಂಗ್, ಹದಿನಾರರವರೆಗೆ 4 ಪೌಂಡು 4 ಷಿಲಿಂಗ್, ಹೀಗೆ ಏರುತ್ತ ಅರವತ್ತು ಅಶ್ವಶಕ್ತಿಯನ್ನು ಮೀರಿದ ಕಾರಿಗೆ 42 ಪೌಂಡು. ರೋಗಿಗಳ ಮನೆಗೆ ಓಡಾಡಬೇಕಾದ ವೈದ್ಯರಿಗೆ ಅರ್ಧ ತೆರಿಗೆ ಮಾತ್ರ. ಕಾರುಗಳನ್ನು ಶ್ರೇಣಿಗಳಲ್ಲಿ ನಿಲ್ಲಿಸುವ ಪದ್ಧತಿ ಹುಟ್ಟಿದ್ದು ಇಲ್ಲಿ.

ಒಂದು ಸೂತ್ರ ಮಾಡಿದ ಕೆಲಸ

ಆದರೆ ಅಶ್ವಶಕ್ತಿಯನ್ನು ಅಳೆಯುವವರು ಯಾರು? ಪ್ರತಿ ಕಾರನ್ನೂ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸುವುದು ಅಂದಿಗೆ ಸಾಧ್ಯವಿರಲಿಲ್ಲ. ಆದುದರಿಂದ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರವನ್ನು ಸರ್ಕಾರ ಒಪ್ಪಿಕೊಂಡಿತು. ಸೂತ್ರ ಬಹಳ ಸರಳ. ಸಿಲಿಂಡರಿನ ಒಳ ಅಗಲವನ್ನು ಅಂಗುಲಗಳಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಬೇಕು. ಬಂದ ಉತ್ತರವೇ ತೆರಿಗೆಯ ಅಶ್ವಶಕ್ತಿ.

ಈ ಎರಡೂವರೆ ಎಲ್ಲಿಂದ ಬಂತು? ಪಿಸ್ಟನ್ ನಿಮಿಷಕ್ಕೆ 1000 ಅಡಿಯ ವೇಗದಲ್ಲಿ ಚಲಿಸುತ್ತದೆ, ಅದರ ಮೇಲಿನ ಸರಾಸರಿ ಒತ್ತಡ ಚದರಂಗುಲಕ್ಕೆ 90 ಪೌಂಡು, ಯಂತ್ರದ ದಕ್ಷತೆ ಶೇಕಡ 75 ಎಂದು ಇಟ್ಟುಕೊಂಡು ನಾಲ್ಕು ಹೊಡೆತದ ಎಂಜಿನ್ನಿಗೆ ಲೆಕ್ಕ ಹಾಕಿ ನೋಡಿ. ಪ್ರತಿ ಸಿಲಿಂಡರಿಗೂ ಅಗಲದ ವರ್ಗವನ್ನು ಸುಮಾರು ಎರಡೂವರೆಯಿಂದ ಭಾಗಿಸಿದಷ್ಟು ಅಶ್ವಶಕ್ತಿ ಬರುತ್ತದೆ. 1910ರ ಎಂಜಿನ್ನುಗಳ ಮಟ್ಟಿಗೆ ಇದು ಸತ್ಯಕ್ಕೆ ಹತ್ತಿರವೇ ಇತ್ತು. ಆದರೆ ಎಂಜಿನ್ನುಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿದವು, ಸೂತ್ರ ಮಾತ್ರ ನಿಂತಲ್ಲೇ ನಿಂತಿತು. ಇನ್ನೊಂದು ಅಂಶವನ್ನು ಓದುಗರು ಗಮನಿಸಬೇಕು. ಸೂತ್ರದಲ್ಲಿ ಸಿಲಿಂಡರಿನ ಅಗಲವಿದೆ, ಉದ್ದದ ಮಾತೇ ಇಲ್ಲ! ಪಿಸ್ಟನ್ ಎಷ್ಟು ದೂರ ಮೇಲೆ ಕೆಳಗೆ ಓಡಾಡಿದರೂ ತೆರಿಗೆಯವರಿಗೆ ಅದು ಲೆಕ್ಕಕ್ಕಿಲ್ಲ.

1920ರ ರಸ್ತೆ ಕಾಯಿದೆ ಈ ಸೂತ್ರಕ್ಕೆ ನಿಜವಾದ ಹಲ್ಲು ಕೊಟ್ಟಿತು. 1921ರ ಜನವರಿ 1ರಿಂದ ಪ್ರತಿ ಅಶ್ವಶಕ್ತಿಗೂ ವರ್ಷಕ್ಕೆ ಒಂದು ಪೌಂಡು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಕಾರಿನ ಗಾಜಿಗೆ ಅಂಟಿಸುವ ದುಂಡನೆಯ ಕಾಗದದ ಬಿಲ್ಲೆಯೂ ಅಂದಿನಿಂದಲೇ ಬಂದಿತು. ಈಗ ಅಗಲದ ಒಂದೊಂದು ಎಳೆಗೂ ಬೆಲೆ ಬಂತು.

ಇದರ ಮೊದಲ ಪೆಟ್ಟು ತಿಂದದ್ದು ಫೋರ್ಡ್ ಕಂಪನಿಯ ಹೆಸರಾಂತ ಮಾಡೆಲ್ ಟಿ. ಅಮೆರಿಕದ ವಿಶಾಲ ನೆಲಕ್ಕೆಂದು ರೂಪಿಸಿದ ಈ ಕಾರನ್ನು 1911ರಿಂದ ಮ್ಯಾಂಚೆಸ್ಟರಿನಲ್ಲಿಯೇ ಜೋಡಿಸಲಾಗುತ್ತಿತ್ತು. ಅದರ ಸಿಲಿಂಡರಿನ ಅಗಲ ಮೂರೂಮುಕ್ಕಾಲು ಅಂಗುಲ. ಸೂತ್ರಕ್ಕೆ ಹಾಕಿದರೆ ಇಪ್ಪತ್ತೆರಡೂವರೆ. ಅಂದರೆ ವರ್ಷಕ್ಕೆ 23 ಪೌಂಡು. ವಿಚಿತ್ರವೆಂದರೆ ಆ ಎಂಜಿನ್ನು ವಾಸ್ತವವಾಗಿ ಕೊಡುತ್ತಿದ್ದುದು ಸುಮಾರು 20 ಅಶ್ವಶಕ್ತಿ ಮಾತ್ರ. ಅತ್ತ ವಿಲಿಯಂ ಮಾರಿಸರ ‘ಮಾರಿಸ್ ಕೌಲಿ’ ಕಾರಿನ ಸಿಲಿಂಡರಿನ ಅಗಲ 69.5 ಮಿಲಿಮೀಟರು, ಪಿಸ್ಟನ್ನಿನ ಓಟ 102 ಮಿಲಿಮೀಟರು. ಕಾಗದದ ಮೇಲೆ ಅದು 11.9 ಅಶ್ವಶಕ್ತಿಯ ಕಾರು. ತೆರಿಗೆ 12 ಪೌಂಡು. ಫೋರ್ಡಿಗಿಂತ ಹೆಚ್ಚುಕಡಿಮೆ ಅರ್ಧ! 1924ರ ಹೊತ್ತಿಗೆ ಬ್ರಿಟನ್ನಿನ ಕಾರು ತಯಾರಕರಲ್ಲಿ ಮಾರಿಸ್ ಫೋರ್ಡನ್ನು ಹಿಂದೆ ಹಾಕಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಬೆಲೆ ಇಳಿಸಿದ್ದು ಅವುಗಳಲ್ಲಿ ಮುಖ್ಯ. ಆದರೆ ತೆರಿಗೆಯ ಸೂತ್ರವೂ ಮಾರಿಸರ ಕಡೆ ನಿಂತಿತ್ತು. 1922ರಲ್ಲಿ ಹರ್ಬರ್ಟ್ ಆಸ್ಟಿನ್ ತಂದ ಪುಟ್ಟ ಕಾರಿನ ಹೆಸರೇ ‘ಆಸ್ಟಿನ್ ಸೆವೆನ್’. ಆ ಏಳು ಬೇರೇನೂ ಅಲ್ಲ, ತೆರಿಗೆಯ ಅಶ್ವಶಕ್ತಿ. ಫೋರ್ಡ್ ಕೂಡ ಪಾಠ ಕಲಿತು, 1932ರಲ್ಲಿ ಬ್ರಿಟನ್ನಿಗಾಗಿಯೇ ಎಂಟು ಅಶ್ವಶಕ್ತಿಯ ‘ಮಾಡೆಲ್ ವೈ’ ಕಾರನ್ನು ಹೊರತಂದಿತು.

ಈ ಸಂಖ್ಯೆಗಳು ನಮ್ಮ ದೇಶಕ್ಕೂ ಹಡಗು ಹತ್ತಿ ಬಂದವು. 1940ರ ದಶಕದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ತಂದ ‘ಹಿಂದೂಸ್ಥಾನ್ ಟೆನ್’ ಕಾರು ಬ್ರಿಟನ್ನಿನ ಮಾರಿಸ್ ಟೆನ್ ಕಾರಿನ ಪಡಿಯಚ್ಚು. ಮಾರಿಸ್ ಟೆನ್ನಿನ ಸಿಲಿಂಡರಿನ ಅಗಲ ಸರಿಯಾಗಿ ಎರಡೂವರೆ ಅಂಗುಲ. ವರ್ಗ ಮಾಡಿ, ನಾಲ್ಕರಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಸರಿಯಾಗಿ ಹತ್ತು! ಲಂಡನ್ನಿನ ತೆರಿಗೆ ಲೆಕ್ಕ ಭಾರತದ ಕಾರಿನ ನಾಮಕರಣಕ್ಕೆ ಕಾರಣವಾಯಿತು.

ಅಗಲ ಕಿರಿದು, ಓಟ ಉದ್ದ ಎಂಬ ಈ ಮಾದರಿಯ ಎಂಜಿನ್ನು ನಿಧಾನಕ್ಕೆ ಎಳೆಯುವ ಕೆಲಸಕ್ಕೆ ಒಳ್ಳೆಯದೇ. ಆದರೆ ವೇಗವಾಗಿ ತಿರುಗಿಸಹೋದರೆ ಪಿಸ್ಟನ್ ಅತಿ ದೂರ ಓಡಬೇಕಾಗಿ ಬೇಗ ಸವೆಯುತ್ತದೆ. ಅಗಲ ಕಿರಿದಾದುದರಿಂದ ದೊಡ್ಡ ಕವಾಟಗಳಿಗೆ ಜಾಗವೂ ಇರುವುದಿಲ್ಲ. ಹೊರದೇಶಗಳ ಉದ್ದನೆಯ ರಸ್ತೆಗಳಿಗೆ ಅದು ಅಷ್ಟಾಗಿ ಹೊಂದುತ್ತಿರಲಿಲ್ಲ. ಒಟ್ಟಿನಲ್ಲಿ ಕಿಟಕಿ ಮುಚ್ಚಿದ ಮನೆಯಂತೆ ಬ್ರಿಟನ್ನಿನ ಎಂಜಿನ್ನೂ ತೆರಿಗೆಗೆ ಅಂಜಿ ಸೊರಗಿತು. ದರವಂತೂ ಕಾಲಕ್ಕೆ ತಕ್ಕಂತೆ ಏರಿಳಿಯಿತು: 1935ರಿಂದ ಅಶ್ವಶಕ್ತಿಗೆ 15 ಷಿಲಿಂಗ್, ಯುದ್ಧ ಬಂದಾಗ 1940ರಿಂದ 25 ಷಿಲಿಂಗ್. ಎರಡನೆಯ ಮಹಾಯುದ್ಧದ ನಂತರ, ವಿದೇಶಕ್ಕೆ ಕಾರು ಮಾರಿ ಡಾಲರು ಗಳಿಸಲೇಬೇಕಾದ ಪರಿಸ್ಥಿತಿ ಬಂದಾಗ, ಸರ್ಕಾರ ಈ ಸೂತ್ರವನ್ನು ಕೈಬಿಟ್ಟಿತು. 1947ರಲ್ಲಿ ಹೊಸ ಕಾರುಗಳಿಗೆ ಎಂಜಿನ್ನಿನ ಘನ ಗಾತ್ರವನ್ನು ಅಳತೆ ಮಾಡಿಕೊಂಡು, 1948ರಿಂದ ಹೊಸ ಕಾರು ಯಾವುದಾದರೂ ವರ್ಷಕ್ಕೆ 10 ಪೌಂಡು ಎಂದು ಗೊತ್ತುಮಾಡಿತು.

ರಸ್ತೆಯ ಹಣ ಎಲ್ಲಿ ಹೋಯಿತು?

ಇಲ್ಲಿ ಒಂದು ಗಳಿಗೆ ನಿಂತು ಇನ್ನೊಂದು ಸಂಗತಿಯನ್ನು ನೋಡಬೇಕು. ‘ರೋಡ್ ಟ್ಯಾಕ್ಸ್ ಕಟ್ಟಿದ್ದೇವೆ, ರಸ್ತೆ ಎಲ್ಲಿ?’ ಎಂದು ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಮಳೆಗಾಲದಲ್ಲಿ ಹೊಂಡ ತಪ್ಪಿಸುತ್ತ ನಾವು ಕೇಳುವುದುಂಟು. ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ದಿನಾಂಕ ಸಮೇತ ಉತ್ತರವಿದೆ. 1920ರ ಕಾಯಿದೆಯಡಿ ತೆರಿಗೆಯ ಹಣವೆಲ್ಲ ‘ರಸ್ತೆ ನಿಧಿ’ಗೆ ಸೇರುತ್ತಿತ್ತು. ಕಾರುಗಳ ಸಂಖ್ಯೆ ಬೆಳೆದಂತೆ ನಿಧಿಯೂ ಉಬ್ಬಿತು. ತುಂಬಿದ ಕಣಜ ಕಂಡರೆ ಯಾವ ಅರ್ಥಸಚಿವರ ಕೈ ತಾನೆ ಸುಮ್ಮನಿದ್ದೀತು? ಆಗ ಆ ಹುದ್ದೆಯಲ್ಲಿದ್ದವರು ವಿನ್‌ಸ್ಟನ್ ಚರ್ಚಿಲ್. 1926ರಿಂದ ಮೊದಲುಗೊಂಡು ಅವರು ನಿಧಿಯ ಹಣವನ್ನು ಸಾಮಾನ್ಯ ಬೊಕ್ಕಸಕ್ಕೆ ತಿರುಗಿಸಿದರು. ಕಾರು ಎಂಬುದು ಭೋಗವಸ್ತು, ಅದರ ತೆರಿಗೆ ದೇಶದ ಎಲ್ಲ ಕೆಲಸಕ್ಕೂ ಸಲ್ಲಬೇಕು ಎಂಬುದು ಅವರ ವಾದ. 1937ರ ಏಪ್ರಿಲ್‌ನಿಂದ ತೆರಿಗೆ ನೇರವಾಗಿ ಬೊಕ್ಕಸಕ್ಕೇ ಹೋಗತೊಡಗಿತು. 1955ರಲ್ಲಿ ರಸ್ತೆ ನಿಧಿಯ ಹೆಸರೂ ಅಳಿಯಿತು. ಕಾಯಿದೆಯ ಪುಸ್ತಕದಲ್ಲಿ ಅದು ಈಗ ‘ವಾಹನ ಅಬಕಾರಿ ಸುಂಕ’. ಜನರ ಬಾಯಲ್ಲಿ ಮಾತ್ರ ಇಂದಿಗೂ ‘ರೋಡ್ ಟ್ಯಾಕ್ಸ್’. ನಿಧಿ ಸತ್ತರೂ ಹೆಸರು ಸಾಯಲಿಲ್ಲ.

ಎಲ್ಲರಿಗೂ ಒಂದೇ ದರ ಎಂಬ ಪದ್ಧತಿ ಅರ್ಧ ಶತಮಾನ ನಡೆಯಿತು. 1948ರಲ್ಲಿ 10 ಪೌಂಡು ಇದ್ದದ್ದು 1968ರಲ್ಲಿ 25, 1985ರಲ್ಲಿ 100 ಪೌಂಡಾಯಿತು. ಅಳೆಯುವ ಕೆಲಸವೇ ಇಲ್ಲದುದರಿಂದ ತಪ್ಪು ಶ್ರೇಣಿಯ ಪ್ರಶ್ನೆಯೂ ಇರಲಿಲ್ಲ. ಈ ಅವಧಿಯ ದೊಡ್ಡ ಬದಲಾವಣೆ ನಡೆದದ್ದು ಕಡತಗಳಲ್ಲಿ. ಅದುವರೆಗೆ ಊರೂರಿನ ಕೌಂಟಿ ಕಚೇರಿಗಳಲ್ಲಿದ್ದ ನೋಂದಣಿ ದಾಖಲೆಗಳು 1970ರ ದಶಕದಲ್ಲಿ ವೇಲ್ಸ್‌ನ ಸ್ವಾನ್‌ಸೀ ಪಟ್ಟಣದ ಕೇಂದ್ರ ಕಚೇರಿಯ ಗಣಕಯಂತ್ರಕ್ಕೆ ಸೇರಿದವು. ಅಂದಿನಿಂದ ಬ್ರಿಟನ್ನಿನ ಕಾರಿಗೆ ಎರಡು ಜನ್ಮ: ಒಂದು ರಸ್ತೆಯ ಮೇಲೆ, ಇನ್ನೊಂದು ಸ್ವಾನ್‌ಸೀಯ ದಾಖಲೆಯಲ್ಲಿ. ತೆರಿಗೆ ಬೀಳುವುದು ಎರಡನೆಯದಕ್ಕೆ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಗೆಯನ್ನು ತೂಗಿದ್ದು

1990ರ ದಶಕದಲ್ಲಿ ಭೂಮಿ ಬಿಸಿಯಾಗುತ್ತಿದೆ ಎಂಬ ಎಚ್ಚರಿಕೆ ರಾಜಕಾರಣಿಗಳ ಕಿವಿಗೂ ಬಿತ್ತು. 1997ರಲ್ಲಿ ಕ್ಯೋಟೋ ಒಪ್ಪಂದವಾಯಿತು. ಬ್ರಿಟನ್ ಮತ್ತೆ ಅಳತೆಗೋಲನ್ನು ಹುಡುಕತೊಡಗಿತು. 1999ರ ಜೂನ್‌ನಲ್ಲಿ 1100 ಘನ ಸೆಂಟಿಮೀಟರಿಗೆ ಮೀರದ ಸಣ್ಣ ಎಂಜಿನ್ನಿನ ಕಾರಿಗೆ 100 ಪೌಂಡು, ಮಿಕ್ಕವಕ್ಕೆ 155 ಪೌಂಡು ಎಂಬ ಭೇದ ಬಂತು. 2001ರಲ್ಲಿ ಈ ಗಡಿಯನ್ನು 1549ಕ್ಕೆ ಏರಿಸಲಾಯಿತು. 2001ರ ಮಾರ್ಚ್ 1ಕ್ಕೆ ಮುಂಚೆ ನೋಂದಣಿಯಾದ ಕಾರುಗಳು ಆ ಗಡಿಯ ಈಚೆ ಆಚೆಯೇ ಉಳಿದುಕೊಂಡವು. ಆ ದಿನದಿಂದ ಮುಂದೆ ನೋಂದಣಿಯಾದ ಕಾರುಗಳಿಗೆ ಹೊಸ ಅಳತೆ: ಒಂದು ಕಿಲೋಮೀಟರು ಓಡಲು ಕಾರು ಎಷ್ಟು ಗ್ರಾಂ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತದೆ ಎಂಬುದು.

ಹೊಗೆಯನ್ನು ತೂಗುವುದೆಂದರೆ ಸೋಜಿಗವೆನಿಸಬಹುದು. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋ ಮಾತ್ರ ತೂಗುತ್ತದೆ. ಅದು ಉರಿದಾಗ ಬರುವ ಡೈ ಆಕ್ಸೈಡು ಸುಮಾರು 2.3 ಕಿಲೋ! ಪೆಟ್ರೋಲಿನ ಇಂಗಾಲ ಗಾಳಿಯ ಆಮ್ಲಜನಕವನ್ನು ತನ್ನ ಜೊತೆ ಕೂಡಿಸಿಕೊಳ್ಳುವುದರಿಂದ ಈ ಹೆಚ್ಚಿನ ತೂಕ. ಹೀಗಾಗಿ ಕಿಲೋಮೀಟರಿಗೆ 120 ಗ್ರಾಂ ಎಂದರೆ ನಮ್ಮ ಭಾಷೆಯಲ್ಲಿ ಲೀಟರಿಗೆ ಸುಮಾರು 19 ಕಿಲೋಮೀಟರು ‘ಮೈಲೇಜ್’ ಕೊಡುವ ಪೆಟ್ರೋಲು ಕಾರು ಎಂದು ತಿಳಿದರೆ ಸಾಕು.

ಮೊದಲು ನಾಲ್ಕೇ ಶ್ರೇಣಿಗಳಿದ್ದವು. 2009ರ ಹೊತ್ತಿಗೆ ಅವು ಹದಿಮೂರಾದವು. ಇಂಗ್ಲಿಷಿನ ‘ಎ’ಯಿಂದ ‘ಎಂ’ವರೆಗೆ. 100 ಗ್ರಾಮಿನವರೆಗೆ ‘ಎ’, 101ರಿಂದ 110ರವರೆಗೆ ‘ಬಿ’, 111ರಿಂದ 120ರವರೆಗೆ ‘ಸಿ’, 121ರಿಂದ 130ರವರೆಗೆ ‘ಡಿ’, ಹೀಗೆ ಸಾಗಿ 255 ಗ್ರಾಂ ಮೀರಿದರೆ ‘ಎಂ’. ಶ್ರೇಣಿಗಳ ನಡುವಣ ಬೇಲಿ ಎಷ್ಟು ಎತ್ತರವೆಂಬುದನ್ನು 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಗಳಿಂದ ತಿಳಿಯಬಹುದು. 120 ಗ್ರಾಮಿನ ಕಾರಿಗೆ ವರ್ಷಕ್ಕೆ 35 ಪೌಂಡು. 121 ಗ್ರಾಮಿನ ಕಾರಿಗೆ 165 ಪೌಂಡು. ಒಂದು ಗ್ರಾಮಿಗೆ 130 ಪೌಂಡು ಬೆಲೆ! ಮೈಲೇಜಿನ ಲೆಕ್ಕದಲ್ಲಿ ಇವೆರಡರ ಅಂತರ ಲೀಟರಿಗೆ ಇನ್ನೂರು ಮೀಟರಿನಷ್ಟೂ ಇಲ್ಲ.

ದಿನಾಂಕಗಳೂ ಬೇಲಿಗಳೇ. 225 ಗ್ರಾಂ ಮೀರಿದ ದೊಡ್ಡ ಕಾರುಗಳಿಗೆ 2006ರ ಮಾರ್ಚ್ 23ರಿಂದ ಭಾರಿ ದರ ಬಂತು. ಆದರೆ ಅದಕ್ಕೆ ಮೊದಲೇ ನೋಂದಣಿಯಾದವನ್ನು ಇಂದಿಗೂ ಒಂದು ಮೆಟ್ಟಿಲು ಕೆಳಗಿನ ‘ಕೆ’ ಶ್ರೇಣಿಯಲ್ಲಿ ಉಳಿಸಲಾಗಿದೆ. 2025ರ ದರದಂತೆ ‘ಕೆ’ ಶ್ರೇಣಿಗೆ 430 ಪೌಂಡು, ಮುಂದಿನ ‘ಎಲ್’ ಶ್ರೇಣಿಗೆ 735, ಕಡೆಯ ‘ಎಂ’ ಶ್ರೇಣಿಗೆ 760. 230 ಗ್ರಾಮಿನ ಅವಳಿಜವಳಿ ಕಾರುಗಳಲ್ಲಿ ಒಂದು ಮಾರ್ಚ್ 22ರಂದು, ಇನ್ನೊಂದು 23ರಂದು ನೋಂದಣಿಯಾಗಿದ್ದರೆ ಒಂದು ದಿನದ ತಪ್ಪಿಗೆ ವರ್ಷವರ್ಷವೂ 305 ಪೌಂಡು ದಂಡ ತೆತ್ತಂತೆ. ಇಂಥ ಹಳೆಯ ದೊಡ್ಡ ಕಾರುಗಳು ಈಗ ಅಗ್ಗಕ್ಕೆ ಸಿಗುತ್ತವೆ; ಕೊಳ್ಳುವವರು ಬಹುಮಟ್ಟಿಗೆ ಹೊಸ ಕಾರು ಕೊಳ್ಳಲಾರದ ಸಾಮಾನ್ಯರು. ತೆರಿಗೆಯ ಭಾರ ಬಂದು ಕೂರುವುದು ಅವರ ತಲೆಯ ಮೇಲೆ.

ಇನ್ನು ಅಳತೆಗೋಲಿನ ಪರಿಣಾಮ. ಒಂದು ಲೀಟರಿನಲ್ಲಿ ಡೀಸೆಲ್ ಕಾರು ಪೆಟ್ರೋಲು ಕಾರಿಗಿಂತ ಹೆಚ್ಚು ದೂರ ಓಡುತ್ತದೆ. ಆದುದರಿಂದ ಕಿಲೋಮೀಟರಿಗೆ ಬರುವ ಡೈ ಆಕ್ಸೈಡು ಕಡಿಮೆ. ಹೊಸ ಪದ್ಧತಿಯಲ್ಲಿ ಡೀಸೆಲ್ಲಿಗೆ ಲಾಭ. 2000ದಲ್ಲಿ ಬ್ರಿಟನ್ನಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಏಳಕ್ಕೆ ಒಂದು ಡೀಸೆಲ್ ಆಗಿದ್ದರೆ, 2011ರ ಹೊತ್ತಿಗೆ ಅರ್ಧದಷ್ಟು ಡೀಸೆಲ್ಲೇ. ಆದರೆ ಡೀಸೆಲ್ ಹೊಗೆಯಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಸಾರಜನಕದ ಆಕ್ಸೈಡುಗಳೂ ಮಸಿಯ ಸೂಕ್ಷ್ಮ ಕಣಗಳೂ ಇರುತ್ತವೆ. ಅವು ತೆರಿಗೆಯ ತಕ್ಕಡಿಗೆ ಬೀಳಲೇ ಇಲ್ಲ. ಅಂದು ಪಿಸ್ಟನ್ನಿನ ಓಟ ಲೆಕ್ಕಕ್ಕೆ ಬಾರದೆ ಹೋದಂತೆ ಇಂದು ಸಾರಜನಕದ ಆಕ್ಸೈಡು! 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವಾಗನ್ ಕಂಪನಿ ಪರೀಕ್ಷೆಯ ವೇಳೆ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ತಂತ್ರವನ್ನು ತನ್ನ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದುದು ಅಮೆರಿಕದಲ್ಲಿ ಬಯಲಾದಾಗ ಲೋಕದ ಕಣ್ಣು ತೆರೆಯಿತು. ಅಗಲದ ಲೆಕ್ಕದಿಂದ ಕೆಟ್ಟದ್ದು ಎಂಜಿನ್ನು. ಹೊಗೆಯ ಲೆಕ್ಕದಿಂದ ಕೆಟ್ಟದ್ದು ಪಟ್ಟಣಗಳ ಗಾಳಿ, ಅದನ್ನು ಉಸಿರಾಡುವ ಮಕ್ಕಳ ಎದೆ.

2017ರ ಏಪ್ರಿಲ್ 1ರಿಂದ ಮತ್ತೆ ಬದಲಾವಣೆ. ಅಂದಿನಿಂದ ನೋಂದಣಿಯಾದ ಕಾರುಗಳಿಗೆ ಮೊದಲ ವರ್ಷ ಮಾತ್ರ ಹೊಗೆಯ ಲೆಕ್ಕ. ಎರಡನೆಯ ವರ್ಷದಿಂದ ಎಲ್ಲಕ್ಕೂ ಸರಿಸುಮಾರು ಒಂದೇ ದರ. ಆರಂಭದಲ್ಲಿ ಅದು 140 ಪೌಂಡು, 2025ರ ಏಪ್ರಿಲ್‌ನಿಂದ 195. ಪಟ್ಟಿಯ ಬೆಲೆ 40,000 ಪೌಂಡು ಮೀರಿದ ಕಾರುಗಳಿಗೆ ಐದು ವರ್ಷಗಳ ಕಾಲ ಹೆಚ್ಚುವರಿ ಸುಂಕ. ಸಾರೋಟಿನ ಕಾಲದ ‘ಸಿರಿವಂತನನ್ನು ಹಿಡಿ’ ಎಂಬ ತತ್ವ ಹೀಗೆ ಹಿಂಬಾಗಿಲಿನಿಂದ ಮರಳಿ ಬಂತು. ಹೊಗೆಯೇ ಇಲ್ಲದ ವಿದ್ಯುತ್ ಕಾರುಗಳಿಗೆ ಅಲ್ಲಿಯವರೆಗಿದ್ದ ವಿನಾಯಿತಿಯೂ 2025ರ ಏಪ್ರಿಲ್ 1ರಂದು ಮುಗಿಯಿತು. ಎಲ್ಲರೂ ಹೊಗೆಯಿಲ್ಲದ ಕಾರು ಕೊಂಡರೆ ಹೊಗೆಯ ತೆರಿಗೆ ಕೊಡುವವರು ಯಾರು? ಅಳತೆಗೋಲು ಗೆದ್ದ ದಿನವೇ ಬೊಕ್ಕಸ ಸೋಲುತ್ತದೆ.

ಶ್ರೇಣಿ ಸರಿಯೇ ಎಂದು ನೋಡುವ ಬಗೆ

ಈ ಚರಿತ್ರೆ ತಿಳಿದ ಮೇಲೆ ಬ್ರಿಟನ್ನಿನ ಕಾರಿನ ಶ್ರೇಣಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಅಲ್ಲಿ ನೆಲಸಿರುವ ನಮ್ಮ ಬಂಧುಗಳಿಗೂ ಇದು ಉಪಯೋಗಕ್ಕೆ ಬಂದೀತು. ಕಾರಿನ ನೋಂದಣಿ ಪತ್ರಕ್ಕೆ ಅಲ್ಲಿ ‘ವಿ-5-ಸಿ’ ಎಂದು ಹೆಸರು. ಮೊದಲು ಅದರಲ್ಲಿ ಪ್ರಥಮ ನೋಂದಣಿಯ ದಿನಾಂಕವನ್ನು ನೋಡಬೇಕು. 2001ರ ಮಾರ್ಚ್ 1ಕ್ಕೆ ಹಿಂದಿನದಾದರೆ ಎಂಜಿನ್ನಿನ ಘನ ಗಾತ್ರ 1549ರ ಈಚೆಗೋ ಆಚೆಗೋ ಎಂಬುದಷ್ಟೇ ಮುಖ್ಯ. ಆ ದಿನದಿಂದ 2017ರ ಮಾರ್ಚ್ 31ರವರೆಗಿನದಾದರೆ ‘ವಿ.7’ ಎಂಬ ಅಂಕಣದಲ್ಲಿರುವ ಡೈ ಆಕ್ಸೈಡಿನ ಗ್ರಾಮುಗಳನ್ನು ಹದಿಮೂರು ಶ್ರೇಣಿಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಅದಕ್ಕೂ ಈಚಿನದಾದರೆ ಇಂಧನವನ್ನೂ ಹೊಸದಿದ್ದಾಗಿನ ಪಟ್ಟಿಯ ಬೆಲೆಯನ್ನೂ ನೋಡಬೇಕು. ತಯಾರಾಗಿ 40 ವರ್ಷ ಕಳೆದ ಕಾರಿಗೆ, ಒಡೆಯ ಅರ್ಜಿ ಹಾಕಿಕೊಂಡರೆ, ತೆರಿಗೆಯೇ ಇಲ್ಲ.

ತಪ್ಪು ನುಸುಳುವುದು ಎಲ್ಲಿ? ಒಂದೇ ಹೆಸರಿನ ಕಾರಿನಲ್ಲಿ ಗೇರು ಬದಲಾಯಿಸುವ ಬಗೆ, ಎಂಜಿನ್ನು, ಚಕ್ರದ ಅಳತೆ ಬೇರೆಬೇರೆಯಾದಂತೆ ಗ್ರಾಮುಗಳೂ ಬೇರೆಯಾಗುತ್ತವೆ. ಮೊದಲ ನೋಂದಣಿಯ ವೇಳೆ ಒಂದರ ಅಂಕಿ ಇನ್ನೊಂದಕ್ಕೆ ಬಿದ್ದರೆ ಅದು ಕಾರು ಗುಜರಿಗೆ ಹೋಗುವವರೆಗೂ ಬೆನ್ನು ಬಿಡದು. ಹೊರದೇಶದಿಂದ ತಂದ ಕಾರಿನಲ್ಲಿ ಅಂಕಿಯೇ ನಮೂದಾಗದಿದ್ದರೆ ಅದು ಎಂಜಿನ್ನಿನ ಗಾತ್ರದ ಲೆಕ್ಕಕ್ಕೆ ಬೀಳುತ್ತದೆ. ಇಂಥಲ್ಲಿ ಒಡೆಯನು ತಯಾರಕರಿಂದ ಲಿಖಿತ ಪ್ರಮಾಣ ಪಡೆದು ಸ್ವಾನ್‌ಸೀಗೆ ಬರೆಯಬೇಕು. ತಿದ್ದುಪಡಿ ಎರಡೂ ಕಡೆಗೆ ವಾಲಬಹುದೆಂಬುದನ್ನೂ ನೆನಪಿಡಬೇಕು. ಅಂಕಿ ಏರಿದರೆ ತೆರಿಗೆಯೂ ಏರುತ್ತದೆ. 2014ರ ಅಕ್ಟೋಬರ್ 1ರಂದು ಗಾಜಿನ ಮೇಲಿನ ದುಂಡು ಬಿಲ್ಲೆ ರದ್ದಾಯಿತು. ಅಂದಿನಿಂದ ಕಾರು ಮಾರಿದರೆ ಹಳೆಯ ತೆರಿಗೆ ಕೊಂಡವನಿಗೆ ಬರುವುದಿಲ್ಲ. ಅವನು ಹೊಸದಾಗಿ ಕಟ್ಟಬೇಕು. ಹೀಗಾಗಿ ಕೊಳ್ಳುವ ಮುಂಚೆಯೇ ಶ್ರೇಣಿಯನ್ನು ತಿಳಿದುಕೊಳ್ಳುವುದು ಜಾಣತನ.

ನಮ್ಮಲ್ಲಿ

ನಮ್ಮ ದೇಶ ಬೇರೆ ದಾರಿ ಹಿಡಿಯಿತು. ಬ್ರಿಟಿಷರ ಕಾಲದಲ್ಲೇ ವಾಹನ ತೆರಿಗೆ ಪ್ರಾಂತಗಳ ಕೈಗೆ ಬಂದಿತ್ತು. ಮದರಾಸಿನಲ್ಲಿ 1931ರಲ್ಲಿ, ಮುಂಬಯಿಯಲ್ಲಿ 1935ರಲ್ಲಿ ಕಾಯಿದೆಗಳಾದವು. ಸಂವಿಧಾನವೂ ಅದನ್ನು ರಾಜ್ಯಗಳ ಪಟ್ಟಿಯಲ್ಲೇ ಇಟ್ಟಿತು. ಕರ್ನಾಟಕದಲ್ಲಿ 1957ರ ಕಾಯಿದೆ, ಮಹಾರಾಷ್ಟ್ರದಲ್ಲಿ 1958ರದು, ದೆಹಲಿಯಲ್ಲಿ 1962ರದು. ಸ್ವಂತ ಕಾರಿಗೆ ಮುಖ್ಯ ಅಳತೆ ಹೊಗೆಯಲ್ಲ, ಬೆಲೆ. ಅದೂ ಕೊಳ್ಳುವಾಗಲೇ ಒಟ್ಟಿಗೆ ವಸೂಲು. ಆದುದರಿಂದ ಇಲ್ಲಿನ ಬೇಲಿ ಗ್ರಾಮುಗಳ ನಡುವೆ ಇಲ್ಲ, ರಾಜ್ಯಗಳ ನಡುವೆ ಇದೆ. ಬೆಂಗಳೂರಿನಲ್ಲಿ ತೆರಿಗೆ ಕಟ್ಟಿದ ಕಾರನ್ನು ವರ್ಗವಾದಾಗ ಪುಣೆಗೋ ದೆಹಲಿಗೋ ತಂದು ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ, 1988ರ ಮೋಟಾರು ವಾಹನ ಕಾಯಿದೆಯಂತೆ ಹೊಸ ರಾಜ್ಯದ ನೋಂದಣಿ ಸಂಖ್ಯೆ ಪಡೆಯಬೇಕು; ಅಲ್ಲಿ ಮತ್ತೆ ತೆರಿಗೆ ಕಟ್ಟಿ, ಹಳೆಯ ರಾಜ್ಯದಿಂದ ಉಳಿದ ಹಣ ಹಿಂದಕ್ಕೆ ಪಡೆಯಲು ಅಲೆಯಬೇಕು. ಊರೂರು ಸುತ್ತುವ ನೌಕರರ ಈ ಪಾಡನ್ನು ಕಂಡು 2021ರಲ್ಲಿ ಕೇಂದ್ರ ಸರ್ಕಾರ ‘ಬಿ.ಎಚ್.’ ಎಂಬ ಭಾರತ ಸರಣಿಯ ನೋಂದಣಿಯನ್ನು ತಂದಿತು. ರಕ್ಷಣಾ ಸಿಬ್ಬಂದಿ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ತೆರಿಗೆಯನ್ನು ಎರಡೆರಡು ವರ್ಷಗಳ ಕಂತಿನಲ್ಲಿ ಕಟ್ಟಬಹುದು. ಬೆಲೆಯ ಶ್ರೇಣಿ ಮೂರು: ಹತ್ತು ಲಕ್ಷದವರೆಗೆ ಒಂದು, ಇಪ್ಪತ್ತು ಲಕ್ಷದವರೆಗೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. ಡೀಸೆಲ್ಲಿಗೆ ಶೇಕಡ 2 ಹೆಚ್ಚು, ವಿದ್ಯುತ್ ಕಾರಿಗೆ ಶೇಕಡ 2 ಕಡಿಮೆ. ಹೊಗೆಯ ಲೆಕ್ಕ ನಮ್ಮಲ್ಲೂ ಮೆಲ್ಲಗೆ ಹೊಸ್ತಿಲು ದಾಟುತ್ತಿರುವುದರ ಸೂಚನೆ ಇದು.

ಯಾವ ದೇಶವೇ ಆಗಲಿ, ತೆರಿಗೆ ಹಾಕುವವನಿಗೆ ಇಡೀ ವಸ್ತು ಕಾಣುವುದಿಲ್ಲ. ಅದರ ಒಂದು ಮುಖ ಮಾತ್ರ ಕಾಣುತ್ತದೆ. ಅದು ಕಿಟಕಿಯಾಗಬಹುದು, ಸಿಲಿಂಡರಿನ ಅಗಲವಾಗಬಹುದು, ಹೊಗೆಯ ಗ್ರಾಮಾಗಬಹುದು. ಕಾಣದ ಮುಖದಲ್ಲಿ ಏನು ಬೆಳೆಯುತ್ತಿದೆ ಎಂದು ಆಗಾಗ ನೋಡಿ ಅಳತೆಗೋಲನ್ನು ತಿದ್ದುವುದು ಆಳುವವರ ಹೊಣೆ. ತನ್ನ ಪಾಲಿನ ಅಂಕಿಯನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ಓದಿ ನೋಡುವುದು ಪ್ರಜೆಯ ಹೊಣೆ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ನೋಂದಣಿ ಪತ್ರವನ್ನು ವರ್ಷಕ್ಕೊಮ್ಮೆಯಾದರೂ ಹೊರತೆಗೆದು ಓದುವುದಕ್ಕೆ ತೆರಿಗೆಯಂತೂ ಇಲ್ಲ!